ಮರದ ಮೇಲೆ ಅಳಿಯ, ಬುಡದಲ್ಲಿ ಮಾವ

ಹಾಲಿಸ್ ಮರ ಹತ್ತುವುದು ಜಿಂಕೆ ಹೊಡೆಯಲು ಎಂದು ಬೇಟೆ ಕ್ಯಾಂಪಿನವರೆಲ್ಲ ನಂಬಿದ್ದರು. ನಿಜ ಹೇಳಬೇಕೆಂದರೆ ಅವನು ಹತ್ತುತ್ತಿದ್ದದ್ದು ಮಾವನ ಬಾಯಿಗೆ ಹೆದರಿ.

ಮಾವ ಎಲ್ಬರ್ಟ್ ಒಳ್ಳೆಯ ಮನುಷ್ಯ. ಜನರ ಕಿವಿಯನ್ನು ಬಿಟ್ಟರೆ ಬೇರೆ ಯಾವುದಕ್ಕೂ ನೋವು ಕೊಟ್ಟವನಲ್ಲ. ಜಿಂಕೆ ಬರಲೆಂದು ಬೆಳೆಸಿದ ಮೇವಿನ ಹೊಲದ ಅಂಚಿನಲ್ಲಿ, ಕಂಬಗಳ ಮೇಲೆ ನಿಲ್ಲಿಸಿದ ಹಲಗೆಯ ಗೂಡು ಅವನದು. ಒಳಗೆ ಎರಡು ಕುರ್ಚಿ, ಪುಟ್ಟದೊಂದು ಗ್ಯಾಸ್ ಒಲೆ, ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯ ಚೀಲ. ಎರಡನೇ ಕುರ್ಚಿ ಅಳಿಯನಿಗೆಂದೇ ಇಟ್ಟದ್ದು. ಅದರಲ್ಲಿ ಕೂತವನಿಗೆ ಜಿಂಕೆ ಸಿಗುವ ಮಾತೇ ಇರಲಿಲ್ಲ. ಎಲ್ಬರ್ಟನ ದನಿ ಕೇಳಿದ ಜಿಂಕೆಗಳು ಪಕ್ಕದ ಜಿಲ್ಲೆಗೆ ಹೋಗಿ ಮೇಯುತ್ತಿದ್ದವು. ಸಿಗುತ್ತಿದ್ದದ್ದು ಒಂದೇ ಜಿಂಕೆ, ಅದೂ ಮಾವನ ಕಥೆಯದು, ಹೊಳೆ ಉಕ್ಕಿದ ವರ್ಷ ಕೋಳಿಗೂಡಿನ ಮೇಲೆ ನಿಂತು ತೇಲಿಬಂದದ್ದು. ಆ ಕಥೆ ಕೋಳಿಗೂಡಿನ ಮಾಲೀಕನ ಅಜ್ಜನಿಂದ ಶುರುವಾಗುತ್ತಿತ್ತು. ಎಲ್ಲಿ ಮುಗಿಯುತ್ತಿತ್ತೋ ಹಾಲಿಸ್‌ಗೆ ಗೊತ್ತಿಲ್ಲ, ಅಷ್ಟರಲ್ಲಿ ಏನಾದರೂ ನೆಪ ತೆಗೆದು ಎದ್ದುಬಿಡುತ್ತಿದ್ದ.

ಕೊನೆಗೆ ನೆಪಗಳು ಖಾಲಿಯಾಗಿ ಅವನು ಮರ ಏರುವ ಅಟ್ಟಣೆಯೊಂದನ್ನು ಕೊಂಡ. ಬೆನ್ನಿಗೆ ಹಾಕಿಕೊಂಡು ಹೋಗಬಹುದಾದ ಅಲ್ಯೂಮಿನಿಯಂ ಅಟ್ಟಣೆ, ಎರಡು ತುಂಡು. ಮೇಲಿನದು ಕೂರಲು, ಕೆಳಗಿನದು ಕಾಲಿಡಲು, ಎರಡೂ ತಮ್ಮ ತಮ್ಮ ಉಕ್ಕಿನ ತಂತಿಯಿಂದ ಮರವನ್ನು ತಬ್ಬಿಕೊಳ್ಳುತ್ತವೆ. ಕೂತುಕೊಂಡು ಪಾದದಿಂದ ಕೆಳಗಿನದನ್ನು ಎಳೆದುಕೊಳ್ಳಬೇಕು, ಅದರ ಮೇಲೆ ನಿಂತು ಮೇಲಿನದನ್ನು ಎತ್ತಬೇಕು, ಮತ್ತೆ ಕೂರಬೇಕು. ಹೀಗೆ ಕಂಬಳಿಹುಳದಂತೆ ಏರಿದರೆ ಪೈನ್ ಮರದ ನಡುಮಧ್ಯದಲ್ಲಿ ಒಬ್ಬನಿಗೆ ಮಾತ್ರ ಜಾಗ. ಈ ‘ಒಬ್ಬನಿಗೆ ಮಾತ್ರ’ ಎಂಬುದಕ್ಕೇ ಹಾಲಿಸ್ ಮರುಳಾದದ್ದು.

ಎರಡು ತುಂಡುಗಳನ್ನು ಒಂದಕ್ಕೊಂದು ಬಿಗಿಯುವ ಪಟ್ಟಿಯೊಂದಿರುತ್ತದೆ. ಅದನ್ನು ಕಟ್ಟದಿದ್ದರೆ ಕೆಳಗಿನ ತುಂಡು ಯಾವಾಗ ಬೇಕಾದರೂ ಕಾಲು ಬಿಟ್ಟು ಕಳಚಿಕೊಳ್ಳಬಹುದು. ಹೋದ ಚಳಿಗಾಲ ಅದನ್ನು ಕಟ್ಟದ ಸೋಮಾರಿತನಕ್ಕೆ ಹಾಲಿಸ್ ಪಕ್ಕೆಲುಬು ಮುರಿದುಕೊಂಡಿದ್ದ. ಹೆಂಡತಿ ನೆಲ್ಡಾ ಪೇಟೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು, ಮಾತು ಕಮ್ಮಿ, ಕತ್ತರಿ ಚುರುಕು. ಅವಳು ಹೇಳಿದ್ದಿಷ್ಟೇ: ಇನ್ನೊಮ್ಮೆ ಪಟ್ಟಿ ಕಟ್ಟದೆ ಹತ್ತಿದ್ದು ಕಿವಿಗೆ ಬಿದ್ದರೆ ಅಟ್ಟಣೆ ಗುಜರಿಗೆ, ಗಂಡ ಅಪ್ಪನ ಎರಡನೇ ಕುರ್ಚಿಗೆ. ಹಾಲಿಸ್ ದೇವರ ಮೇಲೆ ಆಣೆ ಇಟ್ಟಿದ್ದ.

ಆ ಜನವರಿ ಬೆಳಿಗ್ಗೆ ಕಾಡಿನಲ್ಲಿ ಅವನು ಒಂದು ಒಳ್ಳೆಯ ಮರ ಆರಿಸಿ ಎರಡೂ ತುಂಡು ಸಿಕ್ಕಿಸಿ, ಸೊಂಟದ ಭದ್ರತೆಯ ಬೆಲ್ಟನ್ನು ಮರಕ್ಕೆ ಬಿಗಿದು, ಪಟ್ಟಿಗೆ ಕೈ ಹಾಕಿದ್ದನಷ್ಟೇ. ಹಿಂದಿನಿಂದ ಪರಿಚಿತ ಕೆಮ್ಮು ಕೇಳಿಸಿತು. ಕೆಮ್ಮಿನ ಹಿಂದೆಯೇ ಮಾತು ಬರುವುದು ಖಾತ್ರಿ. ಹಾಲಿಸ್ ಪಟ್ಟಿಯನ್ನು ಅಲ್ಲೇ ಬಿಟ್ಟು ಹತ್ತಿದ. ಅಳಿಲೂ ನಾಚಬೇಕು, ಹಾಗೆ ಹತ್ತಿದ.

ಬಂದೂಕು ಬುಡದಲ್ಲೇ ಉಳಿಯಿತು. ಅದಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವನ ಪ್ಯಾಂಟಿನ ಬೆಲ್ಟಿನಲ್ಲಿತ್ತು. ಮೇಲೆ ಕೂತ ಮೇಲೆ ಎಳೆದುಕೊಳ್ಳುವುದು ಪದ್ಧತಿ, ಗುಂಡುಗಳು ಜೇಬಿನಲ್ಲಿ. ನೆಮ್ಮದಿಯಾಗಿ ಕೂತು ಕಾಲು ಚಾಚಿದ. ಕಾಲು ಚಾಚಿದ್ದೇ ತಡ, ಕೆಳಗಿನ ತುಂಡು ತಂತಿ ಸಡಿಲಿಸಿಕೊಂಡು ಸರ್ರನೆ ಜಾರಿ ಬುಡ ಸೇರಿತು. ಹಾಲಿಸ್‌ನ ಕಾಲುಗಳು ಗಾಳಿಯಲ್ಲಿ ನೇತಾಡಿದವು.

ಎಲ್ಬರ್ಟ್ ಪೊದೆ ಸರಿಸಿಕೊಂಡು ಬಂದು ಮೊದಲು ನೆಲದ ಮೇಲಿನ ತುಂಡನ್ನು ನೋಡಿದ. ಆಮೇಲೆ ಕತ್ತೆತ್ತಿ ಅಳಿಯನ ಬೂಟುಗಳ ಅಡಿಭಾಗ ನೋಡಿದ. ಅವನ ಮುಖದಲ್ಲಿ ಹಬ್ಬದ ಕಳೆ ಬಂತು.

“ಏನಪ್ಪಾ ಅಳಿಯ, ಎಲ್ಲಿಗೂ ಹೋಗೋ ಹಂಗಿಲ್ಲ ಅನ್ಸುತ್ತೆ.”

“ಮಾವ, ಆ ತುಂಡನ್ನ ಹಗ್ಗಕ್ಕೆ ಕಟ್ಟಿಬಿಡಿ, ಎಳ್ಕೋತೀನಿ.”

“ಕಟ್ಟೋಣ, ಕಟ್ಟೋಣ. ಅವಸರ ಏನು? ನೆಲ್ಡಾ ನಿಂಗೆ ಅಂತ ಬಿಸ್ಕೆಟ್ಟು, ಸಾಸೇಜು ಕಳ್ಸಿದ್ಲು. ಅದನ್ನ ಕೊಡೋಕೇ ಬಂದೆ.” ಕೊಡಲು ಅಳಿಯ ಕೈಗೆಟುಕುವ ಜಾಗದಲ್ಲಿರಲಿಲ್ಲವಾದ್ದರಿಂದ ಎಲ್ಬರ್ಟ್ ಬುಡಕ್ಕೆ ಬೆನ್ನು ಕೊಟ್ಟು ಕೂತು ತಾನೇ ತಿನ್ನತೊಡಗಿದ. ತಿನ್ನುತ್ತ ತನ್ನ ಮಂಡಿಯ ಸಂಗತಿ, ಪಾದ್ರಿಯ ಹೊಸ ಟ್ರಕ್ಕಿನ ಸಂಗತಿ, ಹಳೆಯ ಪಾದ್ರಿಯ ಹಳೆಯ ಟ್ರಕ್ಕಿನ ಸಂಗತಿ ಎಲ್ಲ ಹೇಳಿದ. ಹಾಲಿಸ್ ಮೇಲೆ ನೇತಾಡುತ್ತ ಹೂಂಗುಟ್ಟಿದ. ಎಲ್ಲಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಖರ್ಚು ಮಾಡಿದ್ದನೋ ಅಲ್ಲಿಗೇ ಬಂದು ಸಿಕ್ಕಿಬಿದ್ದಿದ್ದ, ಕುರ್ಚಿಯೂ ಕಡಲೆಕಾಯಿಯೂ ಇಲ್ಲದೆ.

ಒಮ್ಮೆಲೇ ಎಲ್ಬರ್ಟನ ಮಾತು ನಿಂತಿತು. ಹೀಗೆ ನಿಂತದ್ದನ್ನು ಹಾಲಿಸ್ ಈ ಜನ್ಮದಲ್ಲಿ ಕಂಡಿರಲಿಲ್ಲ; ಮುದುಕನಿಗೆ ಏನಾದರೂ ಆಯಿತೇ ಎಂದು ಗಾಬರಿಯಾಗಿ ಬಗ್ಗಿ ನೋಡಿದ. ಹೆಣ್ಣುಗಳ ಜಾಡು ಹಿಡಿದು ಮೈಮರೆತಿದ್ದ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ಓಕ್ ಮರಗಳ ನಡುವೆ ಬಂದು ನಿಂತಿತ್ತು. ಎಲ್ಬರ್ಟನ ಬಂದೂಕು ಗೂಡಿನಲ್ಲೇ ಉಳಿದಿತ್ತು. ಅವನು ಅಳಿಯನ ಬಂದೂಕನ್ನು ಎತ್ತಿಕೊಂಡು ಮೇಲೆ ನೋಡಿ ಬೆರಳಾಡಿಸಿದ. ಹಾಲಿಸ್ ಜೇಬಿನಿಂದ ಒಂದು ಗುಂಡು ಉದುರಿಸಿದ. ಅದು ಮಾವನ ಟೋಪಿಗೆ ಬಡಿದು ಮಡಿಲಿಗೆ ಬಿತ್ತು. ಇಷ್ಟೆಲ್ಲ ಆದರೂ ಜಿಂಕೆ ಕದಲಲಿಲ್ಲ, ಅಷ್ಟು ಪ್ರೇಮ ಅದಕ್ಕೆ.

ಎಲ್ಬರ್ಟ್ ಎದ್ದು, ಗುಂಡು ತುಂಬಿ, ಗುರಿ ಹಿಡಿದ. ಜಿಂಕೆ ಜಾಡು ಮೂಸುತ್ತ ಮುಂದೆ ಸರಿದಾಗ ಅವನೂ ಪಕ್ಕಕ್ಕೆ ತಿರುಗಿ ಎರಡು ಹೆಜ್ಜೆ ಇಟ್ಟ. ಹಗ್ಗದ ಇನ್ನೊಂದು ತುದಿಯಲ್ಲಿ ಅಳಿಯ ಇದ್ದಾನೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಹಗ್ಗ ಬಿಗಿಯಿತು, ಹಾಲಿಸ್‌ನ ಪ್ಯಾಂಟು ಅರ್ಧ ಜಾರಿತು, ಬಂದೂಕಿನ ನಳಿಗೆ ಆಕಾಶ ನೋಡಿತು, ಗುಂಡು ಹಾರಿತು. ಒಂದು ಪೈನ್ ಕಾಯಿ ಮಾತ್ರ ಸತ್ತು ಕೆಳಗೆ ಬಿತ್ತು. ಜಿಂಕೆ ಬಾಲವೆತ್ತಿ ಬಿಳಿ ತೋರಿಸಿ ಓಡಿತು.

ಎಲ್ಬರ್ಟ್ ಬೆಪ್ಪಾಗಿ ನಿಂತ. ಈ ಕಡೆಯ ಕ್ಯಾಂಪುಗಳಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂಭಾಗ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಕ್ಯಾಂಪಿನ ಗೋಡೆಯಲ್ಲಿ ಎಲ್ಲರ ತುಂಡೂ ಇತ್ತು, ಹಾಲಿಸ್‌ನದಂತೂ ಒಂದು ಕೌದಿ ಹೊಲಿಯುವಷ್ಟು. ಎಲ್ಬರ್ಟನದು ಮಾತ್ರ ಒಂದೂ ಇರಲಿಲ್ಲ, ಅವನ ಜಂಬವೆಲ್ಲ ನಿಂತಿದ್ದದ್ದು ಆ ಖಾಲಿ ಜಾಗದ ಮೇಲೆ. ಕೇಳಿಸಿದ ಒಂದೊಂದು ಗುಂಡಿಗೂ ಜಿಂಕೆ ತೋರಿಸಬೇಕು, ಇಲ್ಲ ಅಂಗಿ ಕೊಡಬೇಕು, ಯಾವ ನೆಪವೂ ನಡೆಯದು ಎಂದು ನಿಯಮ ಮಾಡಿದವನೂ ಅವನೇ.

ಅವನು ಬಂದೂಕು ಬಿಚ್ಚಿ ತುಂಡನ್ನು ಹಗ್ಗಕ್ಕೆ ಕಟ್ಟಿದ. ಹಾಲಿಸ್ ಅದನ್ನು ಎಳೆದುಕೊಂಡು ಕಾಲಡಿಗೆ ಸಿಕ್ಕಿಸಿಕೊಂಡ. ಇಳಿದು ಬಂದವನಿಗೆ ಮುದುಕನನ್ನು ನೋಡಿ ಅಯ್ಯೋ ಅನ್ನಿಸಿತು.

“ಮಾವ, ಆ ಗುಂಡು ನಾನು ಹೊಡ್ದಿದ್ದು. ಅಂಗಿ ನಂದೇ ಹೋಗ್ಲಿ. ನೀವು ಪಟ್ಟಿ ವಿಷ್ಯ ನೆಲ್ಡಾಗೆ ಹೇಳ್ಬೇಡಿ, ಅಷ್ಟು ಸಾಕು.”

ಎಲ್ಬರ್ಟ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. ತನ್ನ ಬಾಯಿಗೆ ಬೀಗ ಎಂದ. ಹಾಲಿಸ್ ಅದನ್ನು ನಂಬಿದ, ಪಾಪ.

ಮಧ್ಯಾಹ್ನ ಕ್ಯಾಂಪಿನ ಒಲೆಯ ಸುತ್ತ ಎಲ್ಲರೂ ಜೋಳದ ರೊಟ್ಟಿ ಮುರಿದುಕೊಂಡು ಕೂತಿದ್ದರು. ಅಂಗಡಿ ಮುಚ್ಚಿ ನೆಲ್ಡಾಳೂ ಬಂದಿದ್ದಳು, ಕತ್ತರಿಯ ಕೆಲಸ ಮೊದಲಿಂದಲೂ ಅವಳದೇ. ಹಾಲಿಸ್ ತಾನೇ ಎದ್ದು ಬೆನ್ನು ತಿರುಗಿಸಿದ, ಅವಳು ಕಚಕ್ಕನೆ ಕತ್ತರಿಸಿದಳು, ಎಲ್ಲರೂ ನಕ್ಕರು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಯಾರೋ ಒಬ್ಬ, ಅಷ್ಟು ಹತ್ತಿರದ ಜಿಂಕೆ ಹೇಗಯ್ಯ ತಪ್ಪಿತು ಎಂದು ಹಾಲಿಸ್‌ನನ್ನು ಕುರುಡ ಎಂದುಬಿಟ್ಟ. ಎಲ್ಬರ್ಟ್‌ಗೆ ತಡೆಯಲಾಗಲಿಲ್ಲ. ತನ್ನ ಮಾನ ಉಳಿಸಿದ ಹುಡುಗನನ್ನು ಹೀಗೆ ಅನ್ನಲು ಬಿಡುವುದೇ?

“ಅವ್ನನ್ನ ಅನ್ಬೇಡ್ರಪ್ಪ. ಕಾಲ್ಕೆಳಗೆ ಹಲ್ಗೆ ಇಲ್ಲ, ಪಾಪ ಬಾವ್ಲಿ ಥರ ನೇತಾಡ್ತಾ ಇದ್ದ. ಕೆಳಗಿನ್ ತುಂಡು ನನ್ ಕಾಲ್ ಹತ್ರಾನೇ ಬಿದ್ದಿತ್ತು. ಅಂಥದ್ರಲ್ಲಿ ಯಾರ್ ತಾನೇ ಹೊಡೀತಾರೆ?”

ನೆಲ್ಡಾ ಗಂಡನನ್ನು ನೋಡಿದಳು. ಹಾಲಿಸ್ ರೊಟ್ಟಿಯನ್ನು ನೋಡಿದ. ಅವಳು ಅಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಬಂದೂಕು ಎಲ್ಲಿತ್ತಪ್ಪಾ?”

“ಕೆಳಗೆ, ಇನ್ನೆಲ್ಲಿ? ನನ್ ಕೈಲೇ...”

ಎಲ್ಬರ್ಟ್ ಬಾಯಿ ಮುಚ್ಚಿಕೊಂಡ. ಹೊತ್ತು ಮೀರಿತ್ತು. ನೆಲ್ಡಾ ಕತ್ತರಿಯನ್ನು ಗಾಳಿಯಲ್ಲಿ ಒಮ್ಮೆ ಆಡಿಸಿದಳು. ಮುದುಕ ಎದ್ದು, ಇಸ್ತ್ರಿ ಮಾಡಿದ ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು, ಗೋಡೆಗೆ ಮುಖ ಮಾಡಿ ನಿಂತ. ಅವನ ತುಂಡನ್ನು ಖಾಲಿ ಜಾಗದ ನಟ್ಟನಡುವೆ ಹೊಡೆದರು. ಹಾಲಿಸ್‌ನ ಅಟ್ಟಣೆಯನ್ನು ನೆಲ್ಡಾ ಟ್ರಕ್ಕಿಗೆ ತಾನೇ ಎತ್ತಿ ಹಾಕಿದಳು. ಗುಜರಿಯವನು ಅದನ್ನು ಅಲ್ಯೂಮಿನಿಯಂ ಅಲ್ಲವೇ ಎಂದು ಖುಷಿಯಿಂದಲೇ ತೆಗೆದುಕೊಂಡನಂತೆ.

ಮುಂದಿನ ಶನಿವಾರ ಹಾಲಿಸ್ ಎರಡನೇ ಕುರ್ಚಿಯಲ್ಲಿ ಕೂತಿದ್ದ, ಎಲ್ಲಕ್ಕೂ ಕಿವಿ ಗಟ್ಟಿ ಮಾಡಿಕೊಂಡು. ಎಲ್ಬರ್ಟ್ ಕಡಲೆಕಾಯಿ ಚೀಲವನ್ನು ಅವನತ್ತ ಸರಿಸಿ ಸುಮ್ಮನಾದ. ಹೊಲದಲ್ಲಿ ಮಂಜು ಕರಗಿತು. ಮುದುಕ ಸುಮ್ಮನೇ ಇದ್ದ. ಅಂಗಿಯ ಗಿಡ್ಡ ಬೆನ್ನನ್ನು ಆಗಾಗ ಕೆಳಗೆಳೆದುಕೊಳ್ಳುತ್ತಿದ್ದ; ಬೇರೆ ಅಂಗಿ ಇಲ್ಲವೆಂದಲ್ಲ, ಬೇಕೆಂದೇ ಅದನ್ನೇ ಹಾಕಿಕೊಂಡು ಬಂದಿದ್ದ. ಹಾಲಿಸ್ ಇಷ್ಟು ವರ್ಷ ಬೇಡಿಕೊಂಡಿದ್ದ ಮೌನ ಇದು. ಅದು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ.

“ಮಾವ,” ಎಂದ ಕೊನೆಗೆ, “ಆ ಕೋಳಿಗೂಡಿನ ಮೇಲೆ ಬಂತಲ್ಲ ಜಿಂಕೆ, ಅದು ಕೊನೆಗೆ ಏನಾಯ್ತು?”

ಎಲ್ಬರ್ಟ್ ಅನುಮಾನದಿಂದ ಅವನ ಮುಖ ನೋಡಿದ. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಗಂಟಲು ಸರಿಮಾಡಿಕೊಂಡು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹೊಲದ ಆಚೆ ತುದಿಯಲ್ಲಿ ದೊಡ್ಡ ಕೊಂಬಿನದೊಂದು ತಲೆ ಹೊರಗಿಟ್ಟಿತು. ಇಬ್ಬರೂ ಅದನ್ನು ನೋಡಲಿಲ್ಲ.

“ಅದು ಹೇಳ್ಬೇಕು ಅಂದ್ರೆ,” ಎಂದ ಎಲ್ಬರ್ಟ್, “ಮೊದ್ಲು ಆ ಕೋಳಿಗೂಡು ಯಾರ ಅಜ್ಜಂದು ಅಂತ ಹೇಳ್ಬೇಕಾಗತ್ತೆ.”

“ಹೇಳಿ ಮಾವ,” ಎಂದ ಹಾಲಿಸ್, ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡು.