ಕೋಟು ತೊಟ್ಟರೆ ಅಕ್ಕ ಊರಲ್ಲಿಲ್ಲ

ಬೀದಿಯ ನಾಯಿಗಳೆಲ್ಲ ನಾಲಿಗೆ ಇಳಿಬಿಟ್ಟು ಚರಂಡಿಯ ತೇವಕ್ಕೆ ಹೊಟ್ಟೆ ಆನಿಸಿ ಮಲಗುವಂಥ ಬಿರುಬಿಸಿಲಿನ ಮಧ್ಯಾಹ್ನದಲ್ಲಿ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯ ಮೇಲೆ, ಹಿಮ್ಮಡಿಯವರೆಗೂ ಇಳಿದ ಉಣ್ಣೆಯ ಕೋಟು ತೊಟ್ಟು, ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಬೆವರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಅಕ್ಕ ಕೂತಿರುತ್ತಿದ್ದಳು. ದಾರಿಹೋಕರು ಕಿಟಕಿಯತ್ತ ಒಮ್ಮೆ ನೋಡಿ, ಎರಡು ಹೆಜ್ಜೆ ಮುಂದೆ ಹೋಗಿ, ಮತ್ತೆ ತಿರುಗಿ ನೋಡುತ್ತಿದ್ದರು. ಬೀದಿಯ ಮಕ್ಕಳು ಅವಳಿಗೆ ಕರಡಿ ಎಂದು ಹೆಸರಿಟ್ಟಿದ್ದವು. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ಭೂಮಿಗೆ ಬಿದ್ದದ್ದು ಆ ಕರಡಿಯ ಕೈಗೇ ಎಂಬುದು ಅವಕ್ಕೆ ಹೇಗೆ ಗೊತ್ತಿರಬೇಕು?

ಕೋಟು ಅವಳ ಅಳತೆಯದಲ್ಲ. ಯಾರೋ ಆರಡಿ ಗಂಡಸಿಗೆಂದು ಹೊಲಿದದ್ದು, ಹಳೇ ಬಟ್ಟೆಯ ಅಂಗಡಿಯಲ್ಲಿ ಜೋತುಬಿದ್ದಿತ್ತು. ನೆನೆದ ಮರದ ತೊಗಟೆಯ ಬಣ್ಣ, ಮೂಗಿಗೆ ಬಡಿಯುವ ನುಸಿಗುಳಿಗೆಯ ವಾಸನೆ, ಕಪ್ಪು ಗುಂಡಿಗಳ ನಡುವೆ ಒಂದೇ ಒಂದು ಕೆಂಪು ಗುಂಡಿ. ಅದನ್ನು ಕಂಡಾಗಲೆಲ್ಲ ತಂಗಿಯ ಕೈ ತುರಿಸುತ್ತಿತ್ತು. ತಂಗಿ ಬಟ್ಟೆ ಹೊಲಿಯುವವಳು. ಬೀದಿಗೆಲ್ಲ ಟೈಲರಮ್ಮ, ಅಕ್ಕನಿಗೆ ಮಾತ್ರ, ತಲೆಗೂದಲು ಬೆಳ್ಳಗಾದ ಮೇಲೂ, ಪುಟ್ಟಿ. ಒಂದು ಗೇಣು ಕತ್ತರಿಸಿ ಕೊಡುತ್ತೇನೆ ಎಂದು ಅವಳು ಎಷ್ಟು ಗೋಗರೆದರೂ ಅಕ್ಕ ಜಗ್ಗಲಿಲ್ಲ. ಅಲ್ಲಿನ ಹಿಮ ಮೊಣಕಾಲಿನವರೆಗೂ ಬೀಳುತ್ತದಂತೆ, ಉದ್ದವಿದ್ದಷ್ಟೂ ಒಳ್ಳೆಯದೇ ಎಂದಳು.

ಅಲ್ಲಿ ಎಂದರೆ ಸಮುದ್ರದಾಚೆಯ ಒಂದು ಗುಡ್ಡಗಾಡು ದೇಶ. ವರ್ಷದ ಅರ್ಧ ಕಾಲ ದಾರಿಗಳು ಹಿಮದಲ್ಲಿ ಮುಚ್ಚಿಹೋಗುವ ಹಳ್ಳಿಗಳು. ಹೆರಿಗೆ ನೋವು ತಿಂದು ತಿಂದು, ಹಿಡಿಯುವ ಕೈಯಿಲ್ಲದೆ ಕಣ್ಣುಮುಚ್ಚುವ ಹೆಂಗಸರು. ಕೆಲಸದಿಂದ ನಿವೃತ್ತರಾದ ನರ್ಸುಗಳನ್ನು ಅಂಥ ಕಡೆಗೆ ಕಳಿಸುವ ಒಂದು ಸಂಸ್ಥೆಯವರು, ಊಟ ವಸತಿ ಕೊಡುತ್ತೇವೆ, ಸಂಬಳವಿಲ್ಲ, ಮೂರು ವರ್ಷ ಇರಬೇಕು, ನಡುವೆ ಬಂದುಹೋಗುವುದು ಆಗದ ಮಾತು ಎಂದಿದ್ದರು. ಅಕ್ಕ ಮೊಣಕೈಯವರೆಗೂ ಕೈ ತೊಳೆದು ಬಂದು, ಒಪ್ಪಿಗೆ ಎಂದು ಬರೆದು ಕಳಿಸಿದಳು. ಚಹಾ ಕುಡಿಯುವುದಕ್ಕೂ ಹೀಗೆ ಮೊಣಕೈಯವರೆಗೆ ಕೈ ತೊಳೆಯುವವಳು ಅವಳು. ಅವಳ ನಡಿಗೆಯೂ ಹಾಗೆಯೇ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಆಯುಷ್ಯ ಸವೆಸಿದ ಕಾಲುಗಳಿಗೆ ನಿಧಾನ ಎಂಬುದೇ ತಿಳಿಯದು. ಗಿಡ್ಡ ಹೆಜ್ಜೆ, ಬಿರುಸು ಹೆಜ್ಜೆ, ತಿರುವಿನಲ್ಲಿ ಗೋಡೆಗೆ ಭುಜ ಸವರಿಕೊಂಡೇ ಹೊರಳುವ ಹೆಜ್ಜೆ. ಎರಡೇ ಕೋಣೆಯ ಮನೆಯಲ್ಲೂ ಅಡುಗೆಮನೆಯ ಬಾಗಿಲ ಅಂಚಿನ ಸುಣ್ಣ ಅವಳ ಭುಜಕ್ಕೆ ತಾಕಿ ತಾಕಿ ಹೋಗಿತ್ತು.

ಮಾತಿಗೊಮ್ಮೆ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ: “ಆಯ್ತು, ಮುಂದೆ?” ಕೂಸನ್ನು ಒರೆಸಿ ತಾಯಿಯ ಎದೆಯ ಮೇಲಿಟ್ಟು ಹಾಗನ್ನುತ್ತಿದ್ದಳು, ಹಾಲು ಉಕ್ಕಿ ಚೆಲ್ಲಿದರೂ ಹಾಗನ್ನುತ್ತಿದ್ದಳು. ಅವ್ವ ಹೋದಾಗ ಪುಟ್ಟಿ ಇನ್ನೂ ತೊದಲು ಮಾತಿನ ಮಗು. ಆಮೇಲೆ ಅಪ್ಪನೂ ಹೋದ. ಅವನನ್ನು ಮಣ್ಣು ಮಾಡಿ ಬಂದ ಸಂಜೆ, ಒಲೆಯ ಮುಂದೆ ಮುದುರಿಕೊಂಡಿದ್ದ ತಂಗಿಯ ತಲೆ ಸವರಿ ಅಕ್ಕ ಅಂದದ್ದೂ ಅದೇ ಮಾತು. ಅಂದಿನಿಂದ ಆ ‘ಮುಂದೆ’ ಎಂಬುದು ಇಬ್ಬರಿಗೂ ಒಂದೇ ದಾರಿಯಾಗಿತ್ತು. ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಅಕ್ಕನಿಗೆ ಹೆರಿಗೆ ಕೋಣೆಯಿಂದ ಪುರಸೊತ್ತಾಗಲಿಲ್ಲ. ತಂಗಿಗೆ ಅಕ್ಕನನ್ನು ಬಿಟ್ಟಿರುವ ಮನಸ್ಸಾಗಲಿಲ್ಲ.

ಒಪ್ಪಿಗೆ ಕಳಿಸಿದ ದಿನವೇ ಅಕ್ಕ ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: “ನೀನು ಒಂದು ಸಲ, ನನ್ನ ಮುಖ ನೋಡಿ, ಬೇಡ ಅನ್ನು. ಹೋಗಲ್ಲ. ಆಮೇಲೆ ಯಾವತ್ತೂ ಅದರ ಮಾತು ಎತ್ತಲ್ಲ.”

“ನಾನ್ಯಾಕೆ ಬೇಡ ಅನ್ನಲಿ? ನಿನ್ನ ಕಾಲು, ನಿನ್ನ ದಾರಿ,” ಎಂದು ಪುಟ್ಟಿ ಮೂತಿ ಉಬ್ಬಿಸಿಕೊಂಡು ಮೆಷಿನ್ನಿನ ಕಡೆ ತಿರುಗಿದಳು. ಸಿಟ್ಟಿನಲ್ಲಿ ಆಡಿದ ಆ ಮಾತು ಆಡಿದ್ದಾಗಿತ್ತು. ಬೇಡ ಎಂಬ ಪುಟ್ಟ ಮಾತು ಅಂದಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು, ನುಂಗಲೂ ಆಗದು, ಉಗುಳಲೂ ಆಗದು.

ಹೊರಡುವ ದಿನಕ್ಕೆ ಇನ್ನೂ ಒಂದು ಬೇಸಗೆ ಪೂರ್ತಿ ಉಳಿದಿತ್ತು. ಆಗಲೇ ಕೋಟಿನ ಕಾನೂನು ಜಾರಿಗೆ ಬಂದದ್ದು. “ಕೋಟು ಹಾಕಿದ್ದೀನಿ ಅಂದ್ರೆ ನಾನು ಹೋಗ್ಬಿಟ್ಟಿದ್ದೀನಿ ಅಂತ. ಕೂಗಬೇಡ, ಕೇಳಬೇಡ. ಕೇಳಿದ್ರೂ ನಂಗೆ ಕೇಳಿಸಲ್ಲ.” ಹಾಗೆಂದು ಅಕ್ಕ ಗುಂಡಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ತಾನಿಲ್ಲದ ಮನೆಯನ್ನು ತಾನಿದ್ದಾಗಲೇ ಅಭ್ಯಾಸ ಮಾಡಿಸುವುದು ಅವಳ ಹೂಟ. ಮೊದಮೊದಲು ವಾರಕ್ಕೊಂದು ಮಧ್ಯಾಹ್ನ, ಬರಬರುತ್ತಾ ದಿನ ಬಿಟ್ಟು ದಿನ.

ಮೊದಲ ದಿನವೇ ಫ್ಯೂಸು ಹೋಯಿತು. ಪುಟ್ಟಿ ಸ್ಟೂಲಿನ ಮೇಲೆ ನಿಂತು, ಕರೆಂಟಿನವರ ಮನೆತನವನ್ನೆಲ್ಲ ಬೈಯುತ್ತಾ ತಂತಿ ಸುತ್ತಿದಳು, ಕೋಟು ಮಿಸುಕಲಿಲ್ಲ. ಇನ್ನೊಂದು ದಿನ ನೀರಿನ ಪಂಪು ನಿಲ್ಲಿಸಲು ಮರೆತು, ತೊಟ್ಟಿ ತುಂಬಿ, ಹಿತ್ತಿಲು ತುಂಬಿ, ನೀರು ಹೊಸ್ತಿಲು ದಾಟಿ ಕುರ್ಚಿಯವರೆಗೂ ಬಂತು. ಅಕ್ಕ ಎರಡೂ ಪಾದಗಳನ್ನು ಮೇಲೆತ್ತಿಕೊಂಡಳು, ಅಷ್ಟೆ.

ಒಮ್ಮೆ ಗ್ಯಾಸಿನವನು ಬಂದು, ಅಕ್ಕ ಇದ್ದಾರಾ ಎಂದು ಕೇಳಿದ.

“ಊರಲ್ಲಿಲ್ಲ,” ಎಂದಳು ಪುಟ್ಟಿ.

ಅವನು ಕುರ್ಚಿಯನ್ನು ನೋಡಿದ. “ಇಲ್ಲೇ ಕೂತಿದ್ದಾರಲ್ಲಮ್ಮಾ.”

“ಅದು ಕೋಟು.”

ಅವನು ಸಿಲಿಂಡರು ಇಳಿಸಿ, ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದೇ ಬಾಗಿಲು ದಾಟಿದ. ಟೈಲರಮ್ಮನಿಗೆ ಒಂದು ಸುತ್ತು ಸಡಿಲವಾಗಿದೆ ಎಂಬ ಸುದ್ದಿ ಸಂಜೆಯೊಳಗೆ ಬೀದಿಯ ಕೊನೆ ಮುಟ್ಟಿತು. ಆಮೇಲೆ ವಿಷಯ ತಿಳಿದು, ಬೀದಿಯೂ ಆಟಕ್ಕೆ ಸೇರಿಕೊಂಡಿತು. ದಿನಸಿ ಅಂಗಡಿಯವನು ಕಿಟಕಿಯ ಬಳಿ ನಿಂತು, ಕೋಟು ತೊಟ್ಟವಳ ಮೂಗಿನ ನೇರಕ್ಕೇ, “ಟೈಲರಮ್ಮಾ, ನರ್ಸಕ್ಕ ಊರಿಗೆ ಬಂದ್ರೆ ಹೇಳಿ, ಅವರ ಸೋಪು ಬಂದಿದೆ,” ಎಂದು ಕೂಗಿ ಹೇಳುತ್ತಿದ್ದ. ಕೋಟಿನ ಕಾಲರಿನೊಳಗೆ ಅಕ್ಕನ ತುಟಿ ಒಂದಿಷ್ಟು ಅದುರಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಕಾನೂನು ಮುರಿದದ್ದು ಒಂದೇ ಸಲ. ಬ್ರೆಡ್ಡಿನ ಅಂಗಡಿಯವಳು ಏದುಸಿರು ಬಿಡುತ್ತಾ, ಮಗಳಿಗೆ ದಿನ ತುಂಬುವ ಮುಂಚೆಯೇ ನೋವು ಶುರುವಾಗಿದೆ, ಗಾಡಿ ಸಿಗುತ್ತಿಲ್ಲ ಎಂದು ಓಡಿಬಂದಳು. ಅಭ್ಯಾಸಬಲದಿಂದ ಪುಟ್ಟಿ “ಅಕ್ಕ ಊರಲ್ಲಿಲ್ಲ” ಎನ್ನುವಷ್ಟರಲ್ಲಿ ಕೋಟು ನೆಲದ ಮೇಲೆ ಬಿದ್ದಿತ್ತು. ಬಚ್ಚಲಿನಿಂದ ಕೈ ತೊಳೆಯುವ ಸದ್ದು, ಹಿಂದೆಯೇ ಬೀದಿಯ ಕಲ್ಲಿನ ಮೇಲೆ ಆ ಗಿಡ್ಡ ಬಿರುಸು ಹೆಜ್ಜೆಗಳ ಸದ್ದು. ಸಂಜೆ ಬಂದವಳ ಮುಖ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ತಾಯಿ ಮಗು ಕ್ಷೇಮ. ಪುಟ್ಟಿಯ ಎದೆಯಲ್ಲಿ ಆಸೆ ಚಿಗುರಿತು. ಚಹಾ ಲೋಟ ಕೈಗಿಡುತ್ತಾ, ಈ ಬೀದಿಗೂ ನೀನು ಬೇಕಲ್ಲ, ಇಲ್ಲಿ ಹೆರುವವರು ಹೆಂಗಸರಲ್ಲವಾ ಎಂದು ಕೇಳಿಯೇಬಿಟ್ಟಳು.

ಅಕ್ಕ ಲೋಟದ ಬಿಸಿಯನ್ನು ಅಂಗೈಗೆ ಹಿಡಿದುಕೊಂಡಳು. “ಇವತ್ತು ನಾನು ಹೋಗದೇ ಇದ್ದಿದ್ರೆ ಗಾಡಿ ಹೇಗೋ ಸಿಕ್ತಿತ್ತು ಪುಟ್ಟಿ. ಆಸ್ಪತ್ರೇಲಿ ನಾನೇ ಕಲಿಸಿದ ಹುಡುಗೀರಿದ್ದಾರೆ. ಅಲ್ಲಿ ನಾನು ಹೋಗಲಿಲ್ಲ ಅಂದ್ರೆ, ಯಾರೂ ಹೋಗಲ್ಲ.” ಮಾತು ಮುಗಿಸಿ, ನೆಲದ ಮೇಲಿದ್ದ ಕೋಟನ್ನು ಎತ್ತಿ, ಧೂಳು ಕೊಡವಿ, ಮೊಳೆಗೆ ನೇತುಹಾಕಿದಳು. ಆ ಮಾತು ಸುಳ್ಳಾಗಿದ್ದರೆ ಪುಟ್ಟಿ ಜಗಳವಾಡಬಹುದಿತ್ತು.

ಆದರೂ ಒಂದು ಕಾರಣ ಅವಳ ಕೈಯಲ್ಲಿತ್ತು, ಗುಟ್ಟಾಗಿ ಇಟ್ಟುಕೊಂಡದ್ದು. ಕಣ್ಣು ಮಂಜಾದಾಗಿನಿಂದ ಅವಳಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಕ್ಕನೇ ಮೆಷಿನ್ನಿಗೆ ದಾರ ಹಾಕಿ, ಬಿಳಿ, ಕಪ್ಪು, ನೀಲಿ ಎಂದು ಕೈಸೂಜಿಗಳಿಗೂ ಪೋಣಿಸಿ, ಸೂಜಿದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು. ಆಸ್ಪತ್ರೆಗೆ ಹೋಗುವ ಅವಸರದಲ್ಲೂ ಇದನ್ನು ತಪ್ಪಿಸಿದವಳಲ್ಲ. ಫ್ಯೂಸು ಕಲಿಯಬಹುದು, ಪಂಪು ಕಲಿಯಬಹುದು, ಕಣ್ಣನ್ನು ಎಲ್ಲಿಂದ ತರುವುದು? ಇದೊಂದು ಆಗದ ಕೆಲಸ, ಇದನ್ನು ನೋಡಿಯಾದರೂ ಅವಳೇ ಉಳಿಯುತ್ತಾಳೆ, ತಾನು ಬಾಯಿ ಬಿಡಬೇಕಾಗಿಲ್ಲ ಎಂದು ಪುಟ್ಟಿ ಒಳಗೊಳಗೇ ನೆಚ್ಚಿಕೊಂಡಿದ್ದಳು. ಕೋಟಿನ ದಿನಗಳಲ್ಲಿ ದಿಂಬು ಬರಿದಾಗಿರುತ್ತಿತ್ತು. ಅವಳು ದಾರದ ತುದಿಯನ್ನು ಎಂಜಲು ಮಾಡಿ, ಹೊಸೆದು, ಚುಚ್ಚಿ, ತಪ್ಪಿ, ಮತ್ತೆ ಎಂಜಲು ಮಾಡಿ ಒದ್ದಾಡುವಾಗ, ಕೋಟಿನ ಜೇಬಿನೊಳಗೆ ಅಕ್ಕನ ಬೆರಳುಗಳು ತಾವೇ ಪೋಣಿಸುತ್ತಿರುವ ಹಾಗೆ ಚಡಪಡಿಸುವುದು ಹೊರಗಿನಿಂದಲೇ ಕಾಣುತ್ತಿತ್ತು.

ಬೇಸಗೆ ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ, ಸೂಜಿಯ ಹಿಂದೆ ಒಂದು ಬಿಳಿ ಚಿಂದಿ ಹಿಡಿದು, ಕಿಟಕಿಯ ಬೆಳಕಿಗೆ ವಾರೆಯಾಗಿ ಕೂತಾಗ, ಕಪ್ಪು ದಾರ ಸರಕ್ಕನೆ ಕಣ್ಣು ದಾಟಿಬಿಟ್ಟಿತು. ಪುಟ್ಟಿ ಹಿಗ್ಗಿ ಹೀರೆಕಾಯಾಗಿ, ಚಿಕ್ಕ ಮಗುವಿನ ಹಾಗೆ ಸೂಜಿಯನ್ನು ಮೇಲೆತ್ತಿ ಕುರ್ಚಿಯ ಕಡೆ ತೋರಿಸಿದಳು. ಕಾಲರಿನ ಮೇಲಿನ ಮುಖದಲ್ಲಿ ನಗೆಯೊಂದು ಮೂಡಿತು, ಮೂಡಿದಷ್ಟೇ ಬೇಗ ಆರಿತು. ಪುಟ್ಟಿಯ ಎತ್ತಿದ ಕೈ ಹಾಗೇ ಇಳಿಯಿತು. ತಾನೇನು ಮಾಡಿಕೊಂಡೆ ಎಂಬುದು ಆಗ ಹೊಳೆಯಿತು.

ಸೂಜಿಯನ್ನು ದಿಂಬಿಗೆ ಚುಚ್ಚಿ, ಎದ್ದು ಬಂದು, ಕುರ್ಚಿಯ ಎದುರು ನೆಲದ ಮೇಲೆ ಕೂತಳು.

“ನೀನಿಲ್ಲ ಅಂತ ಗೊತ್ತು. ಅದಕ್ಕೇ ಹೇಳ್ತಿದ್ದೀನಿ,” ಎಂದಳು. “ಹೋಗಬೇಡ ಅಕ್ಕ. ನಂಗೆ ಇದು ಬರಬಾರದಿತ್ತು, ಬಂದ್ಬಿಡ್ತು. ಬೆಳಿಗ್ಗೆ ಎದ್ದು ಆ ಖಾಲಿ ಮಂಚಾನ ಹೇಗೆ ನೋಡ್ಲಿ? ಬಾಗಿಲ ಸುಣ್ಣ ಉದುರಲ್ಲ ಇನ್ನು. ಸತ್ತೋರನ್ನಾದ್ರೆ ಮರೀಬಹುದು, ನೀನೆಲ್ಲೋ ಹಿಮದಲ್ಲಿ ನಡೀತಿರ್ತೀಯ, ಎಲ್ಲಿ ಅಂತ ನೆನೆಸ್ಕೊಳ್ಳಲಿ? ಹೋಗಬೇಡ. ಬೇಡ.”

ಮುಳ್ಳು ಕಡೆಗೂ ಗಂಟಲು ಬಿಟ್ಟಿತ್ತು. ಕೋಟು ಉತ್ತರ ಕೊಡಲಿಲ್ಲ. ತಾನೇ ಮಾಡಿದ ಕಾನೂನು. ಮುರಿದರೆ ಅಲ್ಲಿಗೆ ಎಲ್ಲವೂ ಮುರಿಯುತ್ತದೆ. ಅಕ್ಕ ಕಿಟಕಿಯಾಚೆಯ ಖಾಲಿ ಬೀದಿಯನ್ನೇ ನೋಡುತ್ತಾ ಕೂತಿದ್ದಳು. ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದರಲ್ಲಿ ಬೆವರೆಷ್ಟು, ಬೇರೆಯದೆಷ್ಟು ಎಂದು ಹೇಳುವವರು ಯಾರು? ಜೇಬಿನೊಳಗಿದ್ದ ಕೈಗಳು ಮಾತ್ರ ಬಿಗಿದುಕೊಂಡವು. ಎಲ್ಲೋ ಬಟ್ಟೆ ಪರ್ ಎಂದ ಸದ್ದಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಕೋಟು ತೊಡಲಿಲ್ಲ. ದಿಂಬಿಗೆ ಸೂಜಿ ಚುಚ್ಚಿಡಲೂ ಇಲ್ಲ. ಸ್ಟೂಲು ಎಳೆದುಕೊಂಡು ತಂಗಿಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಕೂತು, “ನಾನು ಊರಲ್ಲಿದ್ದೀನಿ. ಏನಾದ್ರೂ ಹೇಳೋದಿದ್ಯಾ ಪುಟ್ಟಿ?” ಎಂದು ಕೇಳಿದಳು.

ಒಂದು ಮಾತು, ಅದೇ ಮಾತು, ಮುಖ ನೋಡಿ ಹೇಳಿದರೆ ಸಾಕಿತ್ತು. ಅಕ್ಕ ಉಳಿಯುತ್ತಿದ್ದಳು. ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ, ಆಮೇಲೆ ಚಕಾರವನ್ನೂ ಎತ್ತುತ್ತಿರಲಿಲ್ಲ. ಅದೇ ಪುಟ್ಟಿಯ ಬಾಯಿ ಕಟ್ಟಿತು. ಉಳಿದ ಆಯುಷ್ಯವೆಲ್ಲ ಎದುರಿಗೆ ಕೂತು, ಎಂದೂ ದೂರದೆ, ಕಿಟಕಿಯಾಚೆ ನೋಡುವ ಅಕ್ಕನನ್ನು ಅವಳು ಕಣ್ಣಮುಂದೆ ಕಂಡಳು. ಎದ್ದುಹೋಗಿ ಮೊಳೆಯ ಮೇಲಿನ ಕೋಟನ್ನು ತಂದು, ಜೇಬಿನಲ್ಲಿ ಕೈಯಾಡಿಸಿದಳು. ಒಳಗಡೆ ಹೊಲಿಗೆ ಉದ್ದಕ್ಕೂ ಬಿಚ್ಚಿಹೋಗಿತ್ತು. ಹಳೇ ದಾರ ಗಟ್ಟಿಯದೇ, ಸುಮ್ಮನೆ ಕಿತ್ತುಬರುವಂಥದ್ದಲ್ಲ ಎಂದು ಟೈಲರಿನ ಬೆರಳಿಗೆ ತಿಳಿಯಿತು.

“ಜೇಬು ಹರಿದಿದೆ. ಹೊಲಿದು ಕೊಡ್ತೀನಿ, ಚಳಿ ಹೊಗುತ್ತೆ,” ಎಂದು ಸೂಜಿ ತೆಗೆದುಕೊಂಡಳು. ಅಕ್ಕ ಅಭ್ಯಾಸದಂತೆ ಕೈ ಚಾಚಿದಳು. ಪುಟ್ಟಿ ಕೊಡಲಿಲ್ಲ. ಹಿಂದೆ ಚಿಂದಿ ಹಿಡಿದು, ವಾರೆಯಾಗಿ ಕೂತು, ತಾನೇ ಪೋಣಿಸಿದಳು.

“ಬೇರೇನಿಲ್ವಾ?”

“ಇಲ್ಲ.”

“ಆಯ್ತು,” ಎಂದಳು ಅಕ್ಕ. ಬೆನ್ನಿಗೇ ಬರಬೇಕಾದ ‘ಮುಂದೆ’ ಅಂದು ಬರಲಿಲ್ಲ.

ಹೊರಟ ದಿನ ಬಸ್ಸು ನಿಲ್ದಾಣದಲ್ಲಿ ಬಿಸಿಲು ಕಾದ ಹಂಚಿನಂತಿತ್ತು. ಪೆಟ್ಟಿಗೆಯಲ್ಲಿ ಜಾಗ ಸಾಲದೆ ಅಕ್ಕ ಕೋಟನ್ನು ಮೈಮೇಲೇ ತೊಟ್ಟುಬಂದಿದ್ದಳು. ದಿನಸಿ ಅಂಗಡಿಯವನು ಒಂದು ಕಟ್ಟು ಸೋಪು ತಂದು, ಊರಲ್ಲಿಲ್ಲದವರಿಗೆ ಕೊಡುವುದು ಹೇಗೆಂದು ಪುಟ್ಟಿಯ ಕೈಗಿಟ್ಟು, ಮೂಗು ಸೀಟಿಕೊಂಡು ಅತ್ತ ಹೋದ. ಬಸ್ಸು ಗುರುಗುಟ್ಟತೊಡಗಿತು. ಪುಟ್ಟಿ ಹತ್ತಿರ ಬಂದು, ಕೋಟು ತೆಗಿ ಎಂದಳು. ಅಕ್ಕ ಗುಂಡಿಗಳನ್ನು ಬಿಚ್ಚಿ, ಭುಜದಿಂದ ಇಳಿಸಿ, ತಂಗಿಯ ತೋಳಿನ ಮೇಲೆ ಹಾಕಿದಳು. ಕೋಟಿಲ್ಲದೆ ಅವಳು ಇಷ್ಟೇ ಇಷ್ಟು ಕಂಡಳು.

“ಈಗ ಊರಲ್ಲಿದ್ದೀಯಾ?”

“ಇದ್ದೀನಿ.”

“ಹಾಗಾದ್ರೆ ಕೇಳಿಸ್ಕೋ. ಹೋಗಿ ಬಾ.”

ಹೇಳಿದವಳೇ ಕೋಟನ್ನು ಮತ್ತೆ ತೊಡಿಸಿ, ಕೆಳಗಿನ ಗುಂಡಿಯಿಂದ ಶುರುಮಾಡಿ, ನಡುವಿನ ಆ ಕೆಂಪು ಗುಂಡಿಯನ್ನೂ ದಾಟಿ, ಕತ್ತಿನ ಗುಂಡಿಯವರೆಗೂ ತಾನೇ ಹಾಕಿದಳು.

ಈಗಲೂ ಯಾರಾದರೂ ಬಾಗಿಲಿಗೆ ಬಂದು ಕೇಳಿದರೆ, ಅಕ್ಕ ಊರಲ್ಲಿಲ್ಲ ಎನ್ನುವ ಮೊದಲು ಪುಟ್ಟಿ ಬೆತ್ತದ ಕುರ್ಚಿಯ ಕಡೆ ಒಮ್ಮೆ ನೋಡುತ್ತಾಳೆ. ಗುರುತಿಲ್ಲದವರ ಕೂಸುಗಳಿಗಾಗಿ ಮನೆ ಬಿಟ್ಟು ಹೊರಡುವ ಇಂಥವರ ಎದೆ ಹಗುರವೆಂದೂ, ಕಾಲಿಗೆ ಚಕ್ರವಿದೆಯೆಂದೂ, ಮನೆಯವರ ಮೇಲಿನ ಮಾಯೆ ಅವರಿಗೆ ಬೇಗ ಕಳಚುತ್ತದೆಯೆಂದೂ ಲೋಕ ಮಾತಾಡಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಕತ್ತಿನವರೆಗೂ ಗುಂಡಿ ಹಾಕಿಕೊಂಡ ಜನ, ಹಾಗೆ ಕಾಣುವುದು ಸಹಜ. ಅವರು ಇರುವಾಗಲೇ ಇಲ್ಲದವರಾಗುವುದನ್ನು ಕಲಿತು, ಇಲ್ಲದೆ ಬದುಕುವುದನ್ನು ನಮಗೆ ಕಲಿಸಿ ಹೋಗುತ್ತಾರೆ. ಆ ಪಾಠ ಹೇಳುವಾಗ ಅವರೊಳಗೆ ಹೊಲಿಗೆ ಎಲ್ಲಿ ಬಿಟ್ಟಿತೆಂಬುದು, ಅವರ ಜೇಬಿಗೆ ಒಮ್ಮೆ ಕೈ ಹಾಕಿ ನೋಡಿದವರಿಗಷ್ಟೇ ಗೊತ್ತು.