ಗಂಡು ಮರಕ್ಕೆ ಅರ್ಧ ಗಂಟೆ ನೀರು

ನವ್ರೋಜ್ ಹಬ್ಬ ಕಳೆದು ಪಿಸ್ತಾ ಮರಗಳು ಹೂ ಬಿಡುತ್ತಿದ್ದಂತೆ, ತಾಹೆರೆ ಕೊಡಲಿ ಹಿಡಿದು ತನ್ನ ತೋಟದಂಚಿನ ಗಂಡು ಮರದ ಬುಡಕ್ಕೆ ಬಂದಳು. ಇರಾನಿನ ರಫ್ಸಂಜಾನ್ ಸೀಮೆಯ ಆ ಹಳ್ಳಿಯಲ್ಲಿ ಇದು ಪ್ರತಿ ವರ್ಷದ ಪಾಡು.

ಇಪ್ಪತ್ತು ದಿನಕ್ಕೊಮ್ಮೆ ಬರುವ ನೀರಿನ ಸರದಿ ಅವತ್ತು ಪಕ್ಕದ ತೋಟದ ಯದೊಲ್ಲಾನದು. ಕಾಲುವೆ ತಿರುಗಿಸುತ್ತಿದ್ದವನು ಗುದ್ದಲಿ ಬಿಟ್ಟು ಗೋಡೆಯ ಬಳಿ ಓಡಿಬಂದ. ಗಾಳಿ ಬೀಸುವುದು ಅವಳ ತೋಟದಿಂದ ಇವನ ತೋಟಕ್ಕೆ. ಆ ಮರದ ಪರಾಗ ಬೀಳದಿದ್ದರೆ ಇವನ ಹೆಣ್ಣು ಮರಗಳ ಗೊಂಚಲೆಲ್ಲ ಜೊಳ್ಳು.

"ಕೊಡಲಿ ಯಾಕಕ್ಕಾ?"

"ನೀರು ಕುಡಿಯೋದೊಂದು ಗೊತ್ತು ಇದಕ್ಕೆ. ಒಂದು ಕಾಯಿ ಬಿಟ್ಟಿದ್ದು ಕಾಣೆ. ಥೇಟ್ ಗಂಡಸು."

"ಅದರ ನೀರಿನ ಹೊಣೆ ನನಗಿರಲಿ. ನನ್ನ ಸರದೀಲಿ ಅರ್ಧ ಗಂಟೆ ಈ ಕಡೆ ಬಿಡ್ತೀನಿ."

"ನಿನಗ್ಯಾಕಪ್ಪಾ ತೊಂದರೆ" ಎನ್ನುತ್ತಲೇ ತಾಹೆರೆ ಗೋಡೆಯ ಕೆಳಗಿನ ಕಂಡಿಗೆ ತುರುಕಿದ್ದ ಚಿಂದಿ ಕಿತ್ತಳು.

ನೀರು ಗಂಡು ಮರದ ಪಾತಿ ತುಂಬಿಸಿ, ಅದರಾಚೆ ಇದ್ದ ಅವಳ ಹನ್ನೆರಡು ಹೆಣ್ಣು ಮರಗಳ ಪಾತಿಗೂ ನುಗ್ಗಿತು. ಅವಳು ಗೋಡೆಯ ಮೇಲಿಂದ ಚಹಾದ ಲೋಟ ಚಾಚಿದಳು. ಯದೊಲ್ಲಾ ಸಕ್ಕರೆ ತುಂಡು ಹಲ್ಲಿಗಿಟ್ಟು ನಿಧಾನವಾಗಿ ಹೀರುತ್ತ, ಹುಲ್ಲಲ್ಲಿ ಬಿದ್ದಿದ್ದ ಕೊಡಲಿಯನ್ನು ನೋಡಿದ. ಹೋದ ವರ್ಷದ ತುಕ್ಕಿನ ಮೇಲೆ ಈ ವರ್ಷದ ತುಕ್ಕು ಕೂತಿತ್ತು.

"ಅಕ್ಕಾ, ಬರೋ ವರ್ಷಕ್ಕಾದರೂ ಅದನ್ನ ಸ್ವಲ್ಪ ಮಸೆದಿಟ್ಕೊಳ್ಳಿ," ಎಂದ. "ಹೆದರೋಕೆ ನಂಗೂ ಒಂದು ನೆಪ ಬೇಕಲ್ಲ."