ಅಡ್ಡಗಾಳಿ

ಒಳಗಿನ ಗಾಳಿ ಎಷ್ಟು ಕೆಟ್ಟಿದೆಯೆಂದು ತೋರಿಸುವ ಗೋಡೆಯ ದೀಪ ಹಸಿರಿನಿಂದ ಹಳದಿಗೆ ತಿರುಗಿದಾಗ ತಿಯಾನಾ ಅದು ದೀಪದ್ದೇ ದೋಷ ಎಂದುಕೊಂಡಳು. ಕೆಂಪಾದಾಗ ಹಾಗೆನ್ನಲಾಗಲಿಲ್ಲ.

ಮೊರಾವಾ ನದಿಯ ದಂಡೆಯ ಕಾಲೇಜಿಗೆ ಕಟ್ಟಿದ ಹೊಸ ಕಟ್ಟಡ ಅದು. ಹುಲ್ಲಿನ ಪಿಂಡಿ ಒಟ್ಟಿ ಜೇಡಿಮಣ್ಣು ಮೆತ್ತಿದ ಗೋಡೆಗಳು. ಒಂದು ಫ್ಯಾನಿಲ್ಲ, ಗಾಳಿ ತಳ್ಳುವ ಒಂದು ಯಂತ್ರವಿಲ್ಲ. ಹೊರಗಿನ ಗಾಳಿ ನೆಲದಡಿಯ ಕೊಳವೆಗಳಲ್ಲಿ ಹಾದು, ಮಣ್ಣಿನ ಬಿಸುಪು ಹೀರಿಕೊಂಡು, ಬೆಂಚುಗಳ ಕೆಳಗಿನ ಕಿಂಡಿಗಳಿಂದ ಒಳಬರಬೇಕು. ಜನರ ಉಸಿರನ್ನು ಹೊತ್ತುಕೊಂಡು ಚಿಮಣಿಯಿಂದ ಹೊರಹೋಗಬೇಕು. ಆ ದಾರಿಯನ್ನು ಲೆಕ್ಕ ಹಾಕಿ ಬರೆದವಳು ಅಲ್ಲೇ ಪಾಠ ಮಾಡುವ ಎಂಜಿನಿಯರ್ ತಿಯಾನಾ. ಖಾಲಿ ಸಭಾಂಗಣದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಇವತ್ತು ರಾಜಧಾನಿಯಿಂದ ಪರೀಕ್ಷಕ ಗ್ವೊಜ್ದೆನ್ ಬಂದಿದ್ದ. ತುಂಬಿದ ಸಭೆ ಮುಗಿಯುವ ಹೊತ್ತಿಗೆ ದೀಪ ಹಸಿರಾಗಿದ್ದರೆ ಕಟ್ಟಡ ಪಾಸು. ಇಲ್ಲದಿದ್ದರೆ ಗಾಳಿಯ ದಾರಿಗೆ ಕಾಂಕ್ರೀಟು ಸುರಿದು ಮಾಡಿನ ಮೇಲೆ ಯಂತ್ರ ಕೂರಿಸುವುದು. ಹಾಗಾದರೆ ಇನ್ನೇನು ಕಾಯಂ ಆಗಲಿದ್ದ ತಿಯಾನಾಳ ಕೆಲಸವೂ ಆ ಕಾಂಕ್ರೀಟಿನಡಿಗೇ.

ವೇದಿಕೆಯಲ್ಲಿ ಡೀನ್ ರತೊಮಿರ್ ಪರಿಸರದ ಬಗ್ಗೆ ಮಾತಾಡುತ್ತಿದ್ದ. ಅರ್ಧ ಸಭೆ ಆಕಳಿಸುತ್ತಿತ್ತು, ಉಳಿದರ್ಧ ನಿದ್ದೆ ಹೋಗಿತ್ತು. ಅದು ಡೀನನ ಭಾಷಣದ ಗುಣವೂ ಆಗಿರಬಹುದಿತ್ತು. ಆದರೆ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು, ಬಾಯಿ ತೆರೆದಳು, ಎರಡು ಬೆಂಚುಗಳ ನಡುವೆ ಮೂಟೆಯಂತೆ ಕುಸಿದಳು.

"ಅಯ್ಯೋ, ಮಿರ್ಯಾನಾ ಬಿದ್ಲು!"

"ಅಡ್ಡಗಾಳಿ ಬಡಿದಿದೆ ಕಣ್ರೀ! ಮೊದ್ಲು ಆ ಬಾಗಿಲು ಹಾಕಿ!"

"ಕಿಟಕಿ ಯಾರೋ ತೆಗ್ದಿದಾರೆ ನೋಡಿ!"

ಕಿಟಕಿ ಯಾರೂ ತೆಗೆದಿರಲಿಲ್ಲ, ಆದರೆ ಆ ಊರಲ್ಲಿ ಯಾರು ಬಿದ್ದರೂ ದೂರು ಒಳನುಗ್ಗುವ ಅಡ್ಡಗಾಳಿಯ ಮೇಲೇ. ಯಾರದೋ ಚೀಲದಿಂದ ರಾಕಿಯಾ ಸೀಸೆ ಹೊರಬಂತು. ಮಿರ್ಯಾನಾಳ ಹಣೆಗೆ, ಮಣಿಕಟ್ಟಿಗೆ ಸಾರಾಯಿ ತಿಕ್ಕಿದರು. ಅವಳು ಕಣ್ಣು ಬಿಟ್ಟಳು. ಸೀಸೆ ಹಿಡಿದಿದ್ದವನು ಉಳಿದದ್ದನ್ನು ತಾನೇ ಕುಡಿದ.

ತಿಯಾನಾ ಹತ್ತಿರದ ಬೆಂಚಿನ ಬಳಿ ಮೊಣಕಾಲೂರಿ ಕಿಂಡಿಯ ಜಾಲರಿ ಕಳಚಿದಳು. ಒಳಗೆ ಕೈ ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಎಳೆದಳು. ಉಣ್ಣೆಯ ಕಾಲುಚೀಲ. ಅದರ ಹಿಂದೆ ಮುದ್ದೆ ಮಾಡಿದ ಪತ್ರಿಕೆ. ಪಕ್ಕದ ಕಿಂಡಿಯಲ್ಲಿ ಹಳೆಯ ಟವೆಲು. ಅದರಾಚೆಗಿನದರಲ್ಲಿ ದಿಂಬಿನ ಹತ್ತಿ, ಅದೂ ಅಂಟು ಹಾಕಿ ಒತ್ತಿದ್ದು. ಅವಳು ತೆವಳುತ್ತ ಹೋದಳು, ಎಳೆಯುತ್ತ ಹೋದಳು. ತೆರೆದಿದ್ದ ಒಂದೇ ಒಂದು ಕಿಂಡಿ ಸಿಗಲಿಲ್ಲ.

"ಇದನ್ನ ಯಾರು ಮಾಡಿದ್ದು?"

ಗಣಿತದ ಮೇಷ್ಟ್ರು ಕೆಮ್ಮಿದರು. "ಆ ಟವೆಲ್ ನಂದು. ನಾನು ಮುಚ್ಚಿದ್ದು ಒಂದೇ ತೂತು ಕಣಮ್ಮ. ನನ್ನ ಕಾಲ ಹತ್ರ ಇದ್ದದ್ದು."

"ನಾನೂ ಒಂದೇ," ಎಂದಳು ಕಚೇರಿಯ ಹೆಂಗಸು. "ಇಷ್ಟು ದೊಡ್ಡ ಕಟ್ಟಡದಲ್ಲಿ ಒಂದು ತೂತು ಮುಚ್ಚಿದ್ರೆ ಏನು ಮುಳುಗೋಗತ್ತೆ ಅಂತ..."

"ನಮ್ಮಪ್ಪನ ಬಾಯಿ ಸೊಟ್ಟಗಾಗಿದ್ದೇ ಅಡ್ಡಗಾಳಿಯಿಂದ. ನಿಮಗೇನ್ರೀ ಗೊತ್ತು!" ಹಿಂದಿನಿಂದ ಇನ್ನೊಂದು ದನಿ.

"ಅದು ಅಡ್ಡಗಾಳಿ ಅಲ್ಲ! ಕೈಗೆ ತಾಕೋದೂ ಇಲ್ಲ, ಅಷ್ಟು ನಿಧಾನ ಬರತ್ತೆ!" ತಿಯಾನಾಳ ದನಿ ಕೀರಲಾಗಿತ್ತು. "ಇವರೆಲ್ಲ ಓದಿದವರು," ಎಂಬ ಒಂದೇ ಮಾತು ಅವಳ ತಲೆಯೊಳಗೆ ಗಿರಗಿರ ಸುತ್ತುತ್ತಿತ್ತು.

ಕೊನೆಗೆ ಉಳಿದದ್ದು ವೇದಿಕೆಯ ಹಿಂದಿನ ಕಿಂಡಿ, ಅವಳು ದಿನವೂ ನಿಂತು ಪಾಠ ಮಾಡುವ ಜಾಗ. ಅದರಿಂದ ಹೊರಬಂದದ್ದು ಮಗುವಿನ ಕಂದು ಬಣ್ಣದ ಉಣ್ಣೆಯ ಒಳಂಗಿ. ಕಂಕುಳಲ್ಲಿ ತೇಪೆ. ಆ ತೇಪೆಯ ಕೆಂಪು ದಾರ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವಳು ತೊಟ್ಟು ಹೋದಾಗ ಶಾಲೆಯಲ್ಲಿ ಎಲ್ಲರೂ ನಕ್ಕ ಒಳಂಗಿ ಅದು.

ತಲೆಯೆತ್ತಿ ಮೂರನೆಯ ಸಾಲಿನತ್ತ ನೋಡಿದಳು. ಅಲ್ಲಿ ಅವಳ ತಾಯಿ ರಾದೊಯ್ಕಾ, ಕಾಲೇಜಿನ ಲೈಬ್ರರಿಯವಳು, ಶಾಲನ್ನು ಕಿವಿಗೆ ಸುತ್ತಿಕೊಂಡು ಕೂತಿದ್ದಳು.

"ಅಮ್ಮಾ, ನೀನೂನಾ?"

"ಹೂಂ, ನಾನೇ. ಸೊಂಟಕ್ಕೆ ನೇರ ಬೀಸತ್ತೆ ಮಗಾ. ನಾಳೆ ಮಕ್ಕಳಾಗೋದು ಬೇಡ್ವಾ ನಿಂಗೆ?"

ಇನ್ನೂರು ಜನರ ಮುಂದೆ. ತಿಯಾನಾಳ ಕೆನ್ನೆಗೆ ಯಾರೋ ಹೊಡೆದಂತಾಯಿತು.

"ಎಂಜಿನಿಯರಮ್ಮ," ಗ್ವೊಜ್ದೆನ್ ನಿರುತ್ಸಾಹದಿಂದ ಹೇಳಿದ, "ಒಳಂಗಿ ಯಾರದ್ದು ಅನ್ನೋದು ನನಗೆ ಬೇಡ. ಸಭೆ ಇನ್ನೂ ಮುಗಿದಿಲ್ಲ. ಜನ ಕೂತಿರಬೇಕು, ದೀಪ ಹಸಿರಾಗಬೇಕು. ಅಷ್ಟೇ."

ಕಿಂಡಿಗಳು ತೆರೆದಿದ್ದವು. ಗಾಳಿ ಬಂತೋ ಇಲ್ಲವೋ, ಬಂತೆಂಬ ಸುದ್ದಿಯಂತೂ ಬಂತು. ಕಾಲರುಗಳು ಮೇಲೆದ್ದವು. ಹಿಂದಿನ ಸಾಲು ಬಾಗಿಲ ಕಡೆ ಹೊರಟಿತು.

"ಕೂತ್ಕೊಳ್ರೀ!" ರಾದೊಯ್ಕಾ ಎದ್ದು ನಿಂತು ಗದರಿದಳು. ಲೈಬ್ರರಿಯ ಪುಸ್ತಕ ಹಿಂತಿರುಗಿಸದವರನ್ನು ಅವಳು ಗದರಿಸುವುದೂ ಅದೇ ದನಿಯಲ್ಲಿ. "ನನ್ನ ಮಗಳ ಅನ್ನಕ್ಕೆ ಕಲ್ಲು ಹಾಕ್ಬೇಡಿ. ಒಂದು ದಿನ ಗಾಳಿ ಕುಡಿದ್ರೆ ಯಾರೂ ಸಾಯಲ್ಲ. ಸತ್ರೆ ನಾನು ಮೊದ್ಲು ಸಾಯ್ತೀನಿ." ಹೇಳಿ, ನಡೆದು ಬಂದು, ವೇದಿಕೆಯ ಹಿಂದಿನ ಕಿಂಡಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಳು.

ಎಲ್ಲರೂ ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ದವಡೆ ಬಿಗಿದು ಕೂತರು. ಡೀನ್ ಭಾಷಣ ಮುಂದುವರಿಸಿದ. ದೀಪ ಹಳದಿಯಾಯಿತು, ಸಭೆ ಮುಗಿಯುವ ಹೊತ್ತಿಗೆ ಹಸಿರಾಯಿತು. ಅಷ್ಟರಲ್ಲಿ ಎರಡು ಸಲ ಜಾಗ ಬದಲಿಸಿದ್ದ ಗ್ವೊಜ್ದೆನ್, ಕೊರಳಪಟ್ಟಿಯನ್ನು ಕಿವಿಯವರೆಗೆ ಎಳೆದುಕೊಂಡೇ ಸಹಿ ಹಾಕಿದ. ಪಾಸು.

ಲೆಕ್ಕ ಸರಿಯಾಗಿತ್ತು. ತಿಯಾನಾ ಗೋಡೆಗೆ ಒರಗಿದಳು.

ಸೋಮವಾರ ಬೆಳಿಗ್ಗೆ ಪಾಠಕ್ಕೆಂದು ಅದೇ ಸಭಾಂಗಣಕ್ಕೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಪ್ರತಿ ಕಿಂಡಿಗೂ ಗೋಡೆಯ ಬಣ್ಣದ್ದೇ ಒಂದೊಂದು ದಿಂಬು. ಒಂದೇ ಅಳತೆ, ಚೊಕ್ಕ ಹೊಲಿಗೆ, ಎಳೆಯಲು ಬಟ್ಟೆಯ ಕುಣಿಕೆ. ದೀಪ ಮರೆಯಾಗುವಂತೆ ಚರ್ಚಿನ ಕ್ಯಾಲೆಂಡರ್ ತೂಗುತ್ತಿತ್ತು.

"ಹೆಂಗಿದೆ?" ಹಿಂದೆ ಬಂದ ಡೀನ್ ಕೇಳಿದ. "ಪರೀಕ್ಷಕರು ಬಂದಾಗ ಸರ್ರನೆ ಎಳೆದ್ರಾಯ್ತು. ನಿಮ್ಮಮ್ಮನ ಕೈಕೆಲಸ. ಶನಿವಾರ, ಭಾನುವಾರ ಕೂತು ಹೊಲಿದ್ರು ಪಾಪ."

"ಸರ್, ಪಾಸಾಗಿದೆಯಲ್ಲ ಕಟ್ಟಡ!"

"ಅದೇ ಮತ್ತೆ ಮಗಳೇ. ಪಾಸಾಯ್ತು, ನಿನ್ನ ಕೆಲಸ ಕಾಯಂ ಆಯ್ತು. ಇನ್ಯಾಕೆ ಜನರಿಗೆ ಚಳಿ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಬೆನ್ನು ತಟ್ಟಿ ಹೋದ.

ವಿದ್ಯಾರ್ಥಿಗಳು ಬಂದು ಕೂತರು. ತಿಯಾನಾ ಕ್ಯಾಲೆಂಡರ್ ಕಿತ್ತು ಮೇಜಿನ ಮೇಲೆ ಎಸೆದಳು. ವೇದಿಕೆಯ ಹಿಂದಿನ ದಿಂಬನ್ನು ಎಳೆದು ತೆಗೆದು, ಮುಂದಿನದಕ್ಕೆ ಬಗ್ಗಿದಳು.

ಮೊದಲ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಮಿರ್ಯಾನಾ. ಮುಖ ಇನ್ನೂ ಬಿಳುಚಿಕೊಂಡಿತ್ತು. ಕೊರಳಿಗೆ ಸುತ್ತಿದ ಉಣ್ಣೆಯ ಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಮೇಡಂ, ತಪ್ಪು ತಿಳೀಬೇಡಿ," ಎಂದಳು ವಿನಯದಿಂದ. "ಆ ತೂತು ಮುಚ್ತೀರಾ? ಮೊನ್ನೆ ನಾನು ಬಿದ್ದಿದ್ದು ಅಡ್ಡಗಾಳಿಯಿಂದಲೇ."